ಹತ್ತು ಸೆಕೆಂಡಿನ ಕಪ್ಪು ಪರದೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ರಿಪೇರಿ ಅಂಗಡಿ. ಪೇರಿಸಿಟ್ಟ ಕೀಬೋರ್ಡು, ಚಾರ್ಜರುಗಳ ನಡುವೆ ಒಂದು ಸ್ಟೂಲು. ಟೇಬಲ್ಲಿನ ಮೇಲೆ ಹಿಂಬದಿ ಬಿಚ್ಚಿಟ್ಟ ಲ್ಯಾಪ್‌ಟಾಪು.

“ಇದಕ್ಕೆ ವಿಂಡೋಸ್ ಹನ್ನೊಂದು ಕೂರಲ್ಲ ಸರ್.”

“ಯಾಕಪ್ಪ? ಎಸ್‌ಎಸ್‌ಡಿ ಹಾಕಿಸಿದ ಮೇಲೆ ಚೆನ್ನಾಗೇ ಓಡ್ತಾ ಇದೆಯಲ್ಲ?”

“ಓಡುತ್ತೆ ಸರ್. ಪ್ರೊಸೆಸರ್ ಏಳನೇ ಜನರೇಷನ್ದು, ಅದಕ್ಕೇ ತಗೊಳಲ್ಲ. ಲಿನಕ್ಸ್ ಹಾಕ್ಕೊಡ್ಲಾ?”

“ಅಯ್ಯೋ, ನನ್ನ ನುಡಿ ಫೈಲುಗಳೆಲ್ಲ ಇದರಲ್ಲೇ ಇದಾವೆ.”

“ವಿಂಡೋಸ್ ತೆಗಿಯಲ್ಲ ಸರ್. ಎರಡೂ ಇರ್ಲಿ. ಡ್ಯುಯಲ್ ಬೂಟ್ ಮಾಡ್ತೀನಿ, ಬೇಕಾದಾಗ ಬೇಕಾದ್ದನ್ನ ಆನ್ ಮಾಡ್ಕೊಳಿ.”

ಇಂಥ ಮಾತುಕತೆ ಈಗ ಎಸ್.ಪಿ. ರಸ್ತೆಯಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರದ ಝೆರಾಕ್ಸ್ ಅಂಗಡಿಯ ಪಕ್ಕದ ರಿಪೇರಿಯವನ ಬಳಿಯೂ ನಡೆಯುತ್ತದೆ. ಗಿರಾಕಿ ಅರ್ಧ ಒಪ್ಪಿ, ಅರ್ಧ ಹೆದರಿ ಮನೆಗೆ ಹೋಗುತ್ತಾರೆ. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದಾಗ ವಿಂಡೋಸ್‌ನ ನೀಲಿ ಚೌಕ ಬರುವುದಿಲ್ಲ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದ ನಾಲ್ಕು ಸಾಲು. ಮೇಲಿನದು ಉಬುಂಟು, ಕೆಳಗೆಲ್ಲೋ ವಿಂಡೋಸ್. ಅಡಿಯಲ್ಲಿ ಹತ್ತರಿಂದ ಇಳಿಯುತ್ತಾ ಬರುವ ಎಣಿಕೆ. ಬಾಣದ ಗುಂಡಿ ಒತ್ತಿ ಆರಿಸಿಕೊಂಡರೆ ಸರಿ, ಸುಮ್ಮನಿದ್ದರೆ ಮೇಲಿನದೇ ತೆರೆದುಕೊಳ್ಳುತ್ತದೆ.

ಒಂದು ಆಪರೇಟಿಂಗ್ ಸಿಸ್ಟಮ್ ಬಿಟ್ಟು ಇನ್ನೊಂದಕ್ಕೆ ಹೋಗಬೇಕೆನ್ನುವವರು ಮೂವತ್ತು ವರ್ಷಗಳಿಂದ ಮೊದಲು ಹಿಡಿಯುತ್ತಿರುವ ದಾರಿ ಇದು. ಕೆಲವರು ಇದರ ಮೂಲಕ ದಾಟಿ ಹೋಗುತ್ತಾರೆ. ಬಹಳ ಜನ ಇದರಲ್ಲೇ ನಿಂತುಬಿಡುತ್ತಾರೆ.

ಅಕ್ಟೋಬರ್ 14ರ ಗಡುವು

2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಘೋಷಿಸಿತು. ಅಷ್ಟರೊಳಗೆ ಎಲ್ಲರೂ ಹನ್ನೊಂದಕ್ಕೆ ಬರಲಿ ಎಂಬುದು ಲೆಕ್ಕ.

ಬರಲಾಗದವರ ಸಂಖ್ಯೆ ದೊಡ್ಡದು. 2021ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಒಂದೆರಡು ಅಪವಾದ ಬಿಟ್ಟರೆ ಇಂಟೆಲ್‌ನ ಎಂಟನೇ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರೇ ಆಗಬೇಕು. ಆ ಪೀಳಿಗೆ ಬಂದದ್ದು 2017ರಲ್ಲಿ. ಅದಕ್ಕೆ ಮೊದಲು ಕೊಂಡ ಲ್ಯಾಪ್‌ಟಾಪು, ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ಅಧಿಕೃತವಾಗಿ ಹೊರಗೆ.

ಬೆಂಬಲ ಮುಗಿಯಿತು ಎಂದರೆ ಕಂಪ್ಯೂಟರ್ ನಿಂತುಹೋಗುವುದಿಲ್ಲ. ನಿನ್ನೆ ತೆರೆದ ಹಾಗೆಯೇ ಇವತ್ತೂ ತೆರೆಯುತ್ತದೆ. ಆದರೆ ಇನ್ನು ಮುಂದೆ ಅದರಲ್ಲಿ ಪತ್ತೆಯಾಗುವ ತೂತುಗಳನ್ನು ಮುಚ್ಚುವವರಿಲ್ಲ. ಸಿನಿಮಾ ನೋಡುವ ಯಂತ್ರವಾದರೆ ಹೇಗೋ ನಡೆದೀತು. ಬ್ಯಾಂಕ್ ವ್ಯವಹಾರ, ತೆರಿಗೆ, ಆಧಾರ್ ಎಲ್ಲ ಅದರಲ್ಲೇ ನಡೆಯುವುದಾದರೆ ಬೇರೆ ಮಾತು.

ಇಲ್ಲಿ ಲಿನಕ್ಸ್‌ನ ಪ್ರಸ್ತಾಪ ಬರುತ್ತದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆಯಲು ಶುರುಮಾಡಿದ ತಿರುಳು, ಅದಕ್ಕೂ ಮೊದಲು ರಿಚರ್ಡ್ ಸ್ಟಾಲ್ಮನ್ ಆರಂಭಿಸಿದ್ದ ಗ್ನೂ ಯೋಜನೆಯ ತಂತ್ರಾಂಶ, ಇವೆರಡೂ ಕೂಡಿ ಆದ ವ್ಯವಸ್ಥೆ ಇದು. ಉಬುಂಟು, ಮಿಂಟ್, ಫೆಡೋರಾ ಎಲ್ಲ ಅದರದೇ ರೂಪಗಳು. ದುಡ್ಡು ಕೊಡಬೇಕಿಲ್ಲ. ಏಳನೇ ಪೀಳಿಗೆಯ ಪ್ರೊಸೆಸರ್ ಎಂದು ಮೂಗು ಮುರಿಯುವುದಿಲ್ಲ. ನಾಲ್ಕು ಜಿಬಿ ರ್‍ಯಾಮ್ ಇದ್ದರೆ ಓಡುತ್ತದೆ, ಎಂಟು ಇದ್ದರೆ ಸಲೀಸಾಗಿ ಓಡುತ್ತದೆ.

ಡಿಸ್ಕಿನ ಪೋಡಿ

ಎರಡು ವ್ಯವಸ್ಥೆ ಒಂದೇ ಯಂತ್ರದಲ್ಲಿ ಹೇಗಿರುತ್ತವೆ? ಜಮೀನು ಪಾಲಾಗಿ ಪೋಡಿಯಾದ ಹಾಗೆ. ಸರ್ವೆ ನಂಬರು ಒಂದೇ, ಅದರೊಳಗೆ ಹಿಸ್ಸೆ ಒಂದು, ಹಿಸ್ಸೆ ಎರಡು. ಡಿಸ್ಕಿನಲ್ಲೂ ಯಾವ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಟ್ಟ ದಾಖಲೆಯೊಂದು ಇರುತ್ತದೆ. ಅದು ಕೆಟ್ಟರೆ ನೆಲ ಎಲ್ಲಿಗೂ ಹೋಗಿರುವುದಿಲ್ಲ, ಯಾರದ್ದೆಂದು ಹೇಳಲು ಮಾತ್ರ ಬರುವುದಿಲ್ಲ. ಡ್ಯುಯಲ್ ಬೂಟ್ ಮಾಡಲು ಹೋಗಿ “ಎಲ್ಲ ಡೇಟಾ ಹೋಯ್ತು” ಎಂದು ಕೂತವರ ಕಥೆ ಬಹುಪಾಲು ಈ ದಾಖಲೆಯ ಕಥೆ.

ಹಳೆಯ ಕಂಪ್ಯೂಟರುಗಳಲ್ಲಿ ಈ ದಾಖಲೆ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ನೊಳಗೆ ಅಡಗಿತ್ತು. ಅದರಲ್ಲಿ 446 ಬೈಟು, ಯಂತ್ರವನ್ನು ಎಬ್ಬಿಸುವ ಪುಟಾಣಿ ಪ್ರೋಗ್ರಾಮಿಗೆ. 64 ಬೈಟು, ಪಾಲುಗಳ ಪಟ್ಟಿಗೆ. ಉಳಿದ ಎರಡು, ಎಲ್ಲ ಸರಿಯಿದೆ ಎಂಬ ಗುರುತಿಗೆ. ಪಟ್ಟಿಯಲ್ಲಿ ನಾಲ್ಕೇ ಮುಖ್ಯ ಪಾಲುಗಳಿಗೆ ಜಾಗ. ಎಬ್ಬಿಸುವ ಪ್ರೋಗ್ರಾಮಿಗೂ ಇದ್ದದ್ದು ಒಂದೇ ಜಾಗ. ಹಾಗಾಗಿ ಕೊನೆಗೆ ಇನ್‌ಸ್ಟಾಲ್ ಆದ ವ್ಯವಸ್ಥೆ ಹಿಂದಿನದನ್ನು ಅಳಿಸಿ ತನ್ನದನ್ನು ಬರೆದುಬಿಡುತ್ತಿತ್ತು. ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬ ನಿಯಮ ಹುಟ್ಟಿದ್ದು ಇದರಿಂದ. ಲಿನಕ್ಸ್‌ನ ಪ್ರೋಗ್ರಾಮು ವಿಂಡೋಸನ್ನೂ ಹುಡುಕಿ ಪಟ್ಟಿಗೆ ಸೇರಿಸುತ್ತಿತ್ತು. ವಿಂಡೋಸ್ ತನ್ನನ್ನು ಬಿಟ್ಟು ಬೇರೆಯವರಿದ್ದಾರೆ ಎಂದೇ ನೋಡುತ್ತಿರಲಿಲ್ಲ.

ಈಗಿನ ಯಂತ್ರಗಳಲ್ಲಿ ಹಾಗಿಲ್ಲ. ಯುಇಎಫ್‌ಐ ಎಂಬ ಹೊಸ ಏರ್ಪಾಡಿನಲ್ಲಿ ಎಬ್ಬಿಸುವ ಪ್ರೋಗ್ರಾಮುಗಳಿಗೆಂದೇ ಒಂದು ಸಣ್ಣ ಪಾಲು ಬೇರೆಯಾಗಿ ಇರುತ್ತದೆ. ವಿಂಡೋಸ್ ಸಾಮಾನ್ಯವಾಗಿ ಅದಕ್ಕೆ ನೂರು ಎಂಬಿಯಷ್ಟು ಇಡುತ್ತದೆ. ಅದನ್ನು ತೆರೆದು ನೋಡಿದರೆ ಮೈಕ್ರೋಸಾಫ್ಟ್ ಹೆಸರಿನ ಒಂದು ಫೋಲ್ಡರು, ಅದರ ಪಕ್ಕದಲ್ಲೇ ಉಬುಂಟು ಹೆಸರಿನ ಇನ್ನೊಂದು. ಒಬ್ಬರದನ್ನು ಒಬ್ಬರು ಅಳಿಸುವ ಅಗತ್ಯವೇ ಇಲ್ಲ. ಯಾರದ್ದು ಮೊದಲು ಎಂಬ ಸರದಿಯನ್ನಷ್ಟೇ ಮದರ್‌ಬೋರ್ಡು ತನ್ನ ನೆನಪಿನಲ್ಲಿಟ್ಟುಕೊಳ್ಳುತ್ತದೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಕಪ್ಪು ಪರದೆ ಕಾಣಿಸಲೇ ಇಲ್ಲವೆಂದರೆ ಗಾಬರಿ ಬೇಡ. ಹೆಚ್ಚಿನ ಸಲ ಲಿನಕ್ಸ್ ಅಳಿದಿರುವುದಿಲ್ಲ, ಸರದಿ ಹಿಂದುಮುಂದಾಗಿರುತ್ತದೆ. ಮದರ್‌ಬೋರ್ಡಿನ ಸೆಟಪ್‌ಗೆ ಹೋಗಿ ತಿರುಗಿಸಿಟ್ಟರೆ ಮುಗಿಯಿತು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಡ್ಯುಯಲ್ ಬೂಟ್‌ನಲ್ಲಿ ಎರಡೂ ಒಟ್ಟಿಗೆ ಓಡುವುದಿಲ್ಲ. ಒಂದು ಓಡುವಾಗ ಇನ್ನೊಂದು ಡಿಸ್ಕಿನ ಮೇಲಿನ ಬರೀ ಬರಹ. ವಿಂಡೋಸ್‌ನೊಳಗೇ ಕಿಟಕಿ ತೆರೆದು ಲಿನಕ್ಸ್ ಓಡಿಸುವುದೂ ಸಾಧ್ಯ. ವರ್ಚುವಲ್‌ಬಾಕ್ಸ್ ಮಾಡುವುದು ಅದನ್ನು, ಮೈಕ್ರೋಸಾಫ್ಟೇ 2016ರಲ್ಲಿ ತಂದ ಡಬ್ಲ್ಯುಎಸ್‌ಎಲ್ ಇರುವುದೂ ಅದಕ್ಕೆ. ಪ್ರೋಗ್ರಾಮ್ ಬರೆಯುವವರಿಗೆ ಅದೇ ಅನುಕೂಲ. ಆದರೆ ಕೆಳಗೆ ವಿಂಡೋಸ್ ಇರಲೇಬೇಕಾದ್ದರಿಂದ, ವಿಂಡೋಸ್ ಬಿಡಲು ಹೊರಟವರಿಗೆ ಅದರಿಂದ ಉಪಯೋಗ ಕಡಿಮೆ.

ಪತ್ರಿಕೆಯ ಜೊತೆ ಬಂದ ಸಿಡಿ

ಭಾರತದಲ್ಲಿ ಲಿನಕ್ಸ್ ಮನೆಮಾತಾಗಲು ಶುರುವಾದದ್ದು ಇಂಟರ್‌ನೆಟ್‌ನಿಂದಲ್ಲ, ಪತ್ರಿಕೆಯಿಂದ. 1996ರಲ್ಲಿ ಪಿಸಿ ಕ್ವೆಸ್ಟ್ ಎಂಬ ಕಂಪ್ಯೂಟರ್ ಮಾಸಿಕ ಲಿನಕ್ಸ್‌ನ ಸಿಡಿಯನ್ನು ಓದುಗರಿಗೆ ಹಂಚಿತು. ಡಯಲ್ ಅಪ್ ಫೋನಿನ ಕಾಲದಲ್ಲಿ ಅಷ್ಟು ದೊಡ್ಡ ತಂತ್ರಾಂಶವನ್ನು ಇಳಿಸಿಕೊಳ್ಳುವುದು ಆಗದ ಮಾತಾಗಿತ್ತು. ಈ ಸಿಡಿಯ ಹಿಂದಿದ್ದ ಅತುಲ್ ಚಿಟ್ನಿಸ್ ಬೆಂಗಳೂರಿನವರು. 2001ರಲ್ಲಿ ಆರಂಭವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನದಲ್ಲೂ ಅವರದೇ ಮುಂದಾಳತ್ವ. ಮುಂದೆ ಅದು ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ 2012ರವರೆಗೆ ನಡೆಯಿತು.

ಆಗ ಮನೆಗೊಂದು ಕಂಪ್ಯೂಟರ್ ಇದ್ದರೆ ಅದೇ ದೊಡ್ಡದು. ಅದರಲ್ಲಿ ವಿಂಡೋಸ್ 95 ಅಥವಾ 98, ಅಪ್ಪನ ಲೆಕ್ಕಪತ್ರ, ತಮ್ಮನ ಆಟ. ಅದನ್ನು ಅಳಿಸಿ ಪ್ರಯೋಗ ಮಾಡಲು ಯಾರು ಬಿಡುತ್ತಾರೆ? ಪಕ್ಕದಲ್ಲಿ ಜಾಗ ಮಾಡಿಕೊಂಡು ಹಾಕುವುದೊಂದೇ ದಾರಿ. ಎಬ್ಬಿಸುವ ಕೆಲಸ ಲೈಲೋ ಎಂಬ ಪ್ರೋಗ್ರಾಮಿನದು. ಅದು ಒಂದೊಂದು ಹಂತ ದಾಟಿದಾಗಲೂ ತನ್ನ ಹೆಸರಿನ ಒಂದೊಂದು ಅಕ್ಷರವನ್ನು ಪರದೆಯ ಮೇಲೆ ಮೂಡಿಸುತ್ತಿತ್ತು. ನಾಲ್ಕೂ ಅಕ್ಷರ ಬಂದರೆ ಗೆದ್ದಂತೆ. ಎರಡೇ ಅಕ್ಷರ ಮೂಡಿ ನಿಂತರೆ ಮೊದಲ ಹಂತ ಮುಗಿದಿದೆ, ಎರಡನೆಯದು ಏಳಲಿಲ್ಲ ಎಂದರ್ಥ. ಆ ಎರಡು ಅಕ್ಷರದ ಮುಂದೆ ರಾತ್ರಿ ಕಳೆದ ಎಂಜಿನಿಯರಿಂಗ್ ಹಾಸ್ಟೆಲ್ಲಿನ ಹುಡುಗರು ಈಗ ನಲವತ್ತೈದು ದಾಟಿದ ಮ್ಯಾನೇಜರುಗಳು.

2004ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಉದ್ಯಮಿ ಮಾರ್ಕ್ ಶಟಲ್‌ವರ್ತ್ ಉಬುಂಟುವನ್ನು ತಂದರು. ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುವ ಏರ್ಪಾಡು 2011ರವರೆಗೂ ಇತ್ತು. ಇನ್‌ಸ್ಟಾಲ್ ಮಾಡದೆಯೇ ಸಿಡಿಯಿಂದ ಓಡಿಸಿ ನೋಡಬಹುದಾಗಿತ್ತು. ‘ವಿಂಡೋಸ್ ಪಕ್ಕದಲ್ಲಿ ಹಾಕು’ ಎಂಬ ಒಂದು ಆಯ್ಕೆ, ಎಳೆದರೆ ಸರಿಯುವ ಒಂದು ಗೆರೆ, ಅಷ್ಟರಲ್ಲಿ ಪಾಲು ಮುಗಿಯುತ್ತಿತ್ತು. ಹೆದರಿಕೆಯ ಮುಕ್ಕಾಲು ಪಾಲು ಹೋದದ್ದು ಆಗ.

ಆ ಪರದೆ ಯಾರ ಆಸ್ತಿ?

ಕಪ್ಪು ಪರದೆಯಲ್ಲಿ ಯಾರ ಹೆಸರು ಕಾಣಬೇಕು ಎಂಬುದು ಕೋರ್ಟು ಮೆಟ್ಟಿಲೇರಿದ ವಿಷಯವೂ ಹೌದು. ಆಪಲ್ ಕಂಪನಿಯಲ್ಲಿದ್ದ ಜಾನ್ ಲೂಯಿ ಗಸೆ ಹೊರಬಂದು ಬೀ ಎಂಬ ಕಂಪನಿ ಕಟ್ಟಿದ್ದರು. ಅವರ ಬೀಓಎಸ್, ಆ ಕಾಲಕ್ಕೆ ವಿಡಿಯೊ ಮತ್ತು ಧ್ವನಿಯ ಕೆಲಸದಲ್ಲಿ ಬಹಳ ಚುರುಕು. 1998ರಲ್ಲಿ ಹಿಟಾಚಿ ತನ್ನ ಕೆಲವು ಕಂಪ್ಯೂಟರುಗಳಲ್ಲಿ ವಿಂಡೋಸ್ ಜೊತೆಗೆ ಅದನ್ನೂ ಹಾಕಿ ಮಾರಲು ಒಪ್ಪಿತು.

ಕಂಪ್ಯೂಟರ್ ಮಾರುಕಟ್ಟೆಗೆ ಬಂತು. ಬೀಓಎಸ್ ಅದರ ಡಿಸ್ಕಿನಲ್ಲಿತ್ತು. ಆನ್ ಮಾಡಿದರೆ ಮಾತ್ರ ನೇರ ವಿಂಡೋಸೇ ತೆರೆಯುತ್ತಿತ್ತು, ಆರಿಸಿಕೊಳ್ಳುವ ಪಟ್ಟಿಯೇ ಇರಲಿಲ್ಲ. ಕೊಂಡವರು ಬೀ ಕಂಪನಿಯ ಸೂಚನೆ ಓದಿ, ಒಂದೊಂದೇ ಹೆಜ್ಜೆ ಪಾಲಿಸಿ ತಮ್ಮದೇ ಯಂತ್ರದಲ್ಲಿದ್ದ ವ್ಯವಸ್ಥೆಯನ್ನು ಹೊರಗೆಳೆಯಬೇಕಿತ್ತು. ತಯಾರಕರಿಗೆ ಮೈಕ್ರೋಸಾಫ್ಟ್ ಕೊಡುವ ಲೈಸೆನ್ಸಿನ ಷರತ್ತೇ ಇದಕ್ಕೆ ಕಾರಣ ಎಂಬುದು ಬೀ ಕಂಪನಿಯ ಆರೋಪ. 2001ರಲ್ಲಿ ಕಂಪನಿ ತನ್ನ ತಂತ್ರಜ್ಞಾನವನ್ನು ಪಾಮ್ ಎಂಬ ಕಂಪನಿಗೆ ಮಾರಿತು, 2002ರಲ್ಲಿ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. ಮರುವರ್ಷ 2 ಕೋಟಿ 32.5 ಲಕ್ಷ ಡಾಲರಿಗೆ ರಾಜಿಯಾಯಿತು. ಮೈಕ್ರೋಸಾಫ್ಟ್ ತಪ್ಪೊಪ್ಪಿಕೊಳ್ಳಲಿಲ್ಲ.

ಇಷ್ಟು ಹಳೆಯ ವ್ಯಾಜ್ಯವನ್ನು ಈಗ ಹೇಳಲು ಕಾರಣವಿದೆ. ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದ, ಕಂಪ್ಯೂಟರುಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲು ಬಂದಿದೆ. ಡಿಜಿಟಲ್ ಸಹಿ ಇಲ್ಲದ ಪ್ರೋಗ್ರಾಮನ್ನು ಮದರ್‌ಬೋರ್ಡು ಎಬ್ಬಿಸುವುದೇ ಇಲ್ಲ. ವೈರಸ್ಸು ಆ ಹಂತದಲ್ಲೇ ನುಸುಳದಿರಲಿ ಎಂಬುದು ಉದ್ದೇಶ, ಅದರಲ್ಲಿ ದೋಷವಿಲ್ಲ. ಆದರೆ ಮಾರುಕಟ್ಟೆಯ ಬಹುತೇಕ ಯಂತ್ರಗಳು ನಂಬುವ ಸಹಿ ಮೈಕ್ರೋಸಾಫ್ಟಿನದು. ಉಬುಂಟು, ಫೆಡೋರಾ ಕೂಡ ಶಿಮ್ ಎಂಬ ಪುಟ್ಟ ಪ್ರೋಗ್ರಾಮಿಗೆ ಮೈಕ್ರೋಸಾಫ್ಟಿನ ಸಹಿ ಹಾಕಿಸಿಕೊಂಡು ಬರಬೇಕು.

2024ರ ಆಗಸ್ಟ್‌ನಲ್ಲಿ ಇದರ ಬಿಸಿ ತಟ್ಟಿತು. ಹಳೆಯ, ದೋಷವಿರುವ ಬೂಟ್ ಪ್ರೋಗ್ರಾಮುಗಳನ್ನು ತಡೆಯಲೆಂದು ಮೈಕ್ರೋಸಾಫ್ಟ್ ಒಂದು ಅಪ್‌ಡೇಟ್ ಬಿಟ್ಟಿತು. ಡ್ಯುಯಲ್ ಬೂಟ್ ಯಂತ್ರಗಳನ್ನು ಅದು ಮುಟ್ಟುವುದಿಲ್ಲ ಎಂದಿತ್ತು. ಆದರೆ ಯಾವುದು ಡ್ಯುಯಲ್ ಬೂಟ್ ಎಂದು ಗುರುತಿಸುವುದರಲ್ಲೇ ಅಪ್‌ಡೇಟ್ ಎಡವಿತು. ಲಿನಕ್ಸ್ ಆರಿಸಿಕೊಂಡವರ ಪರದೆಯಲ್ಲಿ ‘ಏನೋ ಭಾರಿ ಎಡವಟ್ಟಾಗಿದೆ’ ಎಂಬ ಅರ್ಥದ ಸಾಲೊಂದು ಮೂಡಿ ಯಂತ್ರ ಆರಿಹೋಗುತ್ತಿತ್ತು. ಸೆಕ್ಯೂರ್ ಬೂಟ್ ಆಫ್ ಮಾಡಿ ಒಳಗೆ ಹೋಗಿ ಸರಿಪಡಿಸಿಕೊಳ್ಳುವ ಉಪಾಯ ಬೇಗನೆ ಹಬ್ಬಿತು. ಮೈಕ್ರೋಸಾಫ್ಟಿನ ಕಡೆಯಿಂದ ಪೂರ್ತಿ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ. ದುರುದ್ದೇಶವೆಂದು ನಾನು ಹೇಳುತ್ತಿಲ್ಲ. ಪಕ್ಕದಲ್ಲೊಬ್ಬರು ಇದ್ದಾರೆ ಎಂಬುದು ಆ ಕಂಪನಿಯ ಲೆಕ್ಕದಲ್ಲಿ ಯಾವತ್ತೂ ಕೊನೆಗೆ ನೆನಪಾಗುವ ಸಂಗತಿ, ಅಷ್ಟೆ.

ಐದೂವರೆ ಗಂಟೆಯ ಜಗಳ

ಡ್ಯುಯಲ್ ಬೂಟ್ ಮಾಡಿದ ಮರುದಿನ ಭಾರತೀಯರು ಕೇಳುವ ಮೊದಲ ಪ್ರಶ್ನೆ ಗಡಿಯಾರದ್ದು. ಉಬುಂಟುವಿನಲ್ಲಿ ಕೆಲಸ ಮುಗಿಸಿ ಬೆಳಿಗ್ಗೆ ಹತ್ತಕ್ಕೆ ವಿಂಡೋಸ್‌ಗೆ ಬಂದರೆ ಮೂಲೆಯಲ್ಲಿ ನಾಲ್ಕೂವರೆ ಎಂದು ತೋರಿಸುತ್ತದೆ. ಸರಿಮಾಡಿ ಉಬುಂಟುವಿಗೆ ಮರಳಿದರೆ ಅಲ್ಲಿ ಮಧ್ಯಾಹ್ನ ಮೂರೂವರೆ.

ಮದರ್‌ಬೋರ್ಡಿನಲ್ಲಿ ಗುಂಡಿಯಾಕಾರದ ಬ್ಯಾಟರಿಯಿಂದ ನಡೆಯುವ ಗಡಿಯಾರ ಒಂದೇ. ಅದರಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ, ಡಾಸ್ ಕಾಲದಿಂದ ಬಂದ ರೂಢಿ. ಲಿನಕ್ಸ್ ಅದರಲ್ಲಿ ವಿಶ್ವಸಮಯವನ್ನು ಬರೆದಿಟ್ಟು, ಐದೂವರೆ ಗಂಟೆ ಕೂಡಿಸಿ ನಮಗೆ ತೋರಿಸುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಮ್ಮ ಪದ್ಧತಿಯಲ್ಲಿ ಓದುತ್ತಾರೆ. ಚಳಿಗಾಲದ ಲಂಡನ್ನಿನಲ್ಲಿ ಎರಡೂ ಸಮಯ ಒಂದೇ ಆಗಿರುವುದರಿಂದ ಅಲ್ಲಿನವರಿಗೆ ಆ ತಿಂಗಳುಗಳಲ್ಲಿ ಇದು ಗೊತ್ತೇ ಆಗುವುದಿಲ್ಲ.

ಇಂಟರ್‌ನೆಟ್ ಸಿಕ್ಕರೆ ಗಡಿಯಾರ ತಾನಾಗಿ ಸರಿಯಾಗುತ್ತದೆ. ಸಿಗುವವರೆಗೆ ಆಗಷ್ಟೇ ಉಳಿಸಿದ ಫೈಲಿನ ಮೇಲೆ ಬೆಳಗಿನ ಜಾವದ ಸಮಯ ಕೂರುತ್ತದೆ, ಕಂಪ್ಯೂಟರಿನಲ್ಲೇ ಹುಟ್ಟುವ ಓಟಿಪಿ ತಪ್ಪುತ್ತದೆ. ಸ್ಥಳೀಯ ಸಮಯವನ್ನೇ ಪಾಲಿಸು ಎಂದು ಲಿನಕ್ಸ್‌ಗೆ ಒಂದು ಸಾಲಿನ ಆದೇಶ ಕೊಟ್ಟರೆ ಜಗಳ ಮುಗಿಯುತ್ತದೆ. ವಿಂಡೋಸ್ ಕಡೆಯಿಂದಲೂ ಸರಿಮಾಡಬಹುದು, ಅದಕ್ಕೆ ರಿಜಿಸ್ಟ್ರಿಗೆ ಕೈಹಾಕಬೇಕು.

ಇದಕ್ಕಿಂತ ಗಂಭೀರವಾದದ್ದು ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದೀಚೆಗೆ ಶಟ್‌ಡೌನ್ ಎಂದು ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಒಳಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಮುಂದಿನ ಸಲ ಬೇಗ ಏಳಲೆಂದು. ಆಗ ಅದರ ಡ್ರೈವ್‌ಗಳು ಇನ್ನೂ ಬಳಕೆಯಲ್ಲಿವೆ ಎಂಬ ಗುರುತು ಉಳಿದಿರುತ್ತದೆ. ಲಿನಕ್ಸ್ ಅವುಗಳನ್ನು ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಬಲವಂತ ಮಾಡಿ ಬರೆದರೆ ಫೈಲು ಹಾಳಾಗಬಹುದು. ಹಾಗಾಗಿ ಡ್ಯುಯಲ್ ಬೂಟ್‌ಗೆ ಕೈಹಾಕುವ ಮೊದಲೇ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಯ್ಕೆಗಳಿಗೆ ಹೋಗಿ ಇದನ್ನು ಆಫ್ ಮಾಡಬೇಕು.

ಬಿಟ್‌ಲಾಕರ್ ಇನ್ನೊಂದು. ಈಚಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬೀಗ ಹಾಕಿಯೇ ಕೊಟ್ಟಿರುತ್ತಾರೆ, ಕೊಂಡವರಿಗೆ ಗೊತ್ತಿರುವುದಿಲ್ಲ. ಬೂಟ್‌ನ ಏರ್ಪಾಡು ಬದಲಾದೊಡನೆ ವಿಂಡೋಸ್‌ಗೆ ಕಳ್ಳ ಬಂದನೆಂಬ ಅನುಮಾನ. 48 ಅಂಕಿಗಳ ಕೀಲಿ ಕೊಡು ಎನ್ನುತ್ತದೆ. ಆ ಕೀಲಿ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಮೊದಲು ಆನ್ ಮಾಡಿದಾಗ ತೆರೆದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆ ಅಂಗಡಿಯವನ ಇಮೇಲಿನಲ್ಲಿ ತೆರೆದದ್ದಾದರೆ ದೇವರೇ ಗತಿ. ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ನುಡಿ, ಟ್ಯಾಲಿ ಮತ್ತು ಟೋಕನ್

ಇವೆಲ್ಲ ಬಗೆಹರಿಯುವ ತೊಂದರೆಗಳು. ಜನರನ್ನು ವಿಂಡೋಸ್‌ಗೆ ಕಟ್ಟಿಹಾಕಿರುವುದು ವಿಂಡೋಸ್ ಅಲ್ಲ, ಅದರ ಮೇಲೆ ಕೂತಿರುವ ಒಂದೋ ಎರಡೋ ತಂತ್ರಾಂಶ. ಅದು ಯಾವುದೆಂದು ಬಳಸುವವರಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಎರಡನ್ನೂ ಇಟ್ಟುಕೊಂಡು ಸ್ವಲ್ಪ ಕಾಲ ನಡೆಸಿದರೆ ಅದು ತಾನಾಗಿ ಬಯಲಾಗುತ್ತದೆ. ಡ್ಯುಯಲ್ ಬೂಟ್‌ನ ನಿಜವಾದ ಲಾಭ ನನಗೆ ಕಾಣುವುದು ಇದರಲ್ಲೇ.

ಕನ್ನಡದವರಿಗೆ ಮೊದಲ ಗಂಟು ಹಳೆಯ ಫೈಲುಗಳದ್ದು. ನುಡಿ, ಬರಹ, ಶ್ರೀಲಿಪಿಗಳಲ್ಲಿ ವರ್ಷಗಟ್ಟಲೆ ಟೈಪಿಸಿದ ವರ್ಡ್ ಫೈಲುಗಳು ಯೂನಿಕೋಡ್‌ನಲ್ಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ವಿಂಡೋಸ್‌ನಿಂದ ಆ ಫಾಂಟ್ ಫೈಲನ್ನು ತಂದು ಲಿನಕ್ಸ್‌ಗೆ ಹಾಕಿದರೆ ಲಿಬ್ರೆ ಆಫೀಸಿನಲ್ಲಿ ಓದಲು ಬರುತ್ತದೆ. ತಿದ್ದಬೇಕಾದರೆ ಪರಿವರ್ತಕ ಬಳಸಿ ಯೂನಿಕೋಡ್ ಮಾಡಿಕೊಳ್ಳಬೇಕು. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಒಂದಿಷ್ಟು ತಪ್ಪು ನುಸುಳುತ್ತದೆ, ಕಣ್ಣಾಡಿಸಲೇಬೇಕು. ಲಿನಕ್ಸ್‌ಗೆ ಹೋಗದವರೂ ಮಾಡಿಟ್ಟುಕೊಳ್ಳಬೇಕಾದ ಕೆಲಸ ಇದು.

ಹೊಸದಾಗಿ ಟೈಪಿಸುವುದಕ್ಕೆ ಅಡ್ಡಿಯಿಲ್ಲ. ಉಬುಂಟುವಿನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬ ವಿನ್ಯಾಸವಿದೆ. ಕೆ.ಪಿ. ರಾವ್ ರೂಪಿಸಿದ, ನುಡಿಯಿಂದ ನಾಡಿಗೆಲ್ಲ ಪರಿಚಿತವಾದ ಕೀಲಿಮಣೆಯ ಜಾಡೇ ಅದು. ಬೆರಳಿಗೆ ಒಂದೆರಡು ಕಡೆ ಹೊಸ ಅಭ್ಯಾಸ ಬೇಕಾಗುತ್ತದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಉಬುಂಟುವಿನ ಭಂಡಾರದಲ್ಲೇ ಸಿಗುತ್ತವೆ.

ಎರಡನೆಯ ಗಂಟು ಅಷ್ಟು ಸುಲಭವಲ್ಲ. ಟ್ಯಾಲಿ ಬೆಂಗಳೂರಿನದೇ ತಂತ್ರಾಂಶ, ನೇರವಾಗಿ ಓಡುವುದು ವಿಂಡೋಸ್‌ನಲ್ಲಿ ಮಾತ್ರ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್ ಸಿಕ್ಕರೂ ಸರ್ಕಾರಿ ಪೋರ್ಟಲ್ಲಿನ ಜೊತೆ ಹೊಂದಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಸಣ್ಣ ಊರುಗಳ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ ತಯಾರಾಗುವುದು ಇವತ್ತಿಗೂ ಪೇಜ್‌ಮೇಕರ್, ಕೋರೆಲ್‌ಡ್ರಾಗಳಲ್ಲಿ. ಪೇಜ್‌ಮೇಕರಿನ ಏಳನೇ ಆವೃತ್ತಿ ಬಂದದ್ದು 2001ರಲ್ಲಿ, ಎಂಟನೆಯದು ಬರಲೇ ಇಲ್ಲ. ವೈನ್ ಎಂಬ ತಂತ್ರಾಂಶ ಲಿನಕ್ಸ್‌ನಲ್ಲೂ ಕೆಲವು ವಿಂಡೋಸ್ ಪ್ರೋಗ್ರಾಮುಗಳನ್ನು ಓಡಿಸುತ್ತದೆ. ಹಬ್ಬದ ಸೀಸನ್ನಿನಲ್ಲಿ ಅದನ್ನೇ ನಂಬಿ ಕೂರುವ ಧೈರ್ಯ ಯಾವ ಡಿಟಿಪಿಯವರಿಗೂ ಇರಲಾರದು.

ಆದ್ದರಿಂದ ಎಲ್ಲರೂ ವಿಂಡೋಸ್ ಬಿಡಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೇಷ್ಟ್ರು, ಬರಹಗಾರರು, ವಿದ್ಯಾರ್ಥಿಗಳು, ಬ್ರೌಸರಿನಲ್ಲೇ ದಿನ ಕಳೆಯುವ ನೌಕರರು ಕೆಲವೇ ವಾರಗಳಲ್ಲಿ ದಾಟಿಬಿಡಬಹುದು. ಆಡಿಟರ್ ಕಚೇರಿ, ಡಿಟಿಪಿ ಅಂಗಡಿಯವರು ವಿಂಡೋಸ್ ಇಟ್ಟುಕೊಳ್ಳುವುದೇ ಸರಿ.

ಮೇಲಿನ ಸಾಲು ಯಾರದ್ದು

ದಾಟಬಹುದಾದವರೂ ದಾಟದೆ ಉಳಿಯುತ್ತಾರಲ್ಲ, ಅದೇಕೆ? ರೀಸ್ಟಾರ್ಟ್ ಎಂಬುದು ನೋಡಲು ಎರಡು ನಿಮಿಷದ ಕೆಲಸ. ತೆರೆದಿಟ್ಟ ಹದಿನೈದು ಟ್ಯಾಬು, ಅರ್ಧ ಬರೆದ ಇಮೇಲು, ಎಲ್ಲ ಮುಚ್ಚಬೇಕು. ಒಂದು ಸಹಿಯ ಕೆಲಸಕ್ಕೆಂದು ವಿಂಡೋಸ್‌ಗೆ ಹೋದವರು ಅದು ಮುಗಿದ ಮೇಲೆ ಅಲ್ಲೇ ಇಮೇಲ್ ನೋಡುತ್ತಾರೆ, ಅಲ್ಲೇ ಪತ್ರ ಬರೆಯುತ್ತಾರೆ. ಲಿನಕ್ಸ್‌ನಲ್ಲಿ ಆಗದ ಕೆಲಸ ವಿಂಡೋಸ್‌ನಲ್ಲಿದೆ, ವಿಂಡೋಸ್‌ನಲ್ಲಿ ಆಗದ ಕೆಲಸ ಸಾಮಾನ್ಯರಿಗೆ ಲಿನಕ್ಸ್‌ನಲ್ಲಿ ಇಲ್ಲ. ಹಾಗಾಗಿ ತಕ್ಕಡಿ ಯಾವಾಗಲೂ ಒಂದೇ ಕಡೆ ವಾಲುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಉಬುಂಟು ತೆರೆದು ಎಷ್ಟು ದಿನವಾಯಿತೆಂಬುದೇ ನೆನಪಿರುವುದಿಲ್ಲ.

ನಿಜವಾಗಿ ಹೋಗಬೇಕೆನ್ನುವವರು ಪಟ್ಟಿಯ ಮೇಲಿನ ಸಾಲನ್ನು ಲಿನಕ್ಸ್‌ಗೇ ಬಿಡಬೇಕು, ಇಮೇಲು ಮತ್ತು ದಿನನಿತ್ಯದ ಫೈಲುಗಳನ್ನು ಮೊದಲ ದಿನವೇ ಅಲ್ಲಿಗೆ ಒಯ್ಯಬೇಕು. ವಿಂಡೋಸ್‌ಗೆ ಹೋದಾಗಲೆಲ್ಲ ಯಾತಕ್ಕೆ ಹೋದೆ ಎಂದು ಒಂದು ಚೀಟಿಯಲ್ಲಿ ಬರೆಯಬೇಕು. ಆ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಮೂರು ಹೆಸರೇ ಮತ್ತೆ ಮತ್ತೆ ಬರುತ್ತವೆ.

ಸರ್ಕಾರಗಳ ಅನುಭವವೂ ಇದಕ್ಕೆ ಹತ್ತಿರ. ತಮಿಳುನಾಡು 2011ರ ನಂತರ ವಿದ್ಯಾರ್ಥಿಗಳಿಗೆ ಹಂಚಿದ ಉಚಿತ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಜೊತೆಗೆ ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಕೂಡ ಇತ್ತು. ಆಯ್ಕೆ ಮಕ್ಕಳಿಗೆ ಬಿಟ್ಟದ್ದು. ಕೇರಳ ಬೇರೆ ದಾರಿ ಹಿಡಿಯಿತು. ಅಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ, ಈಗಿನ ಕೈಟ್, ಸರ್ಕಾರಿ ಶಾಲೆಗಳ ಪಾಠವನ್ನೇ ಸ್ವತಂತ್ರ ತಂತ್ರಾಂಶದ ಮೇಲೆ ಕಟ್ಟಿತು. ಕಪ್ಪು ಪರದೆಯ ಪಟ್ಟಿಯ ಮುಂದೆ ನಿಲ್ಲುವ ಪ್ರಸಂಗವೇ ಆ ಮಕ್ಕಳಿಗೆ ಬರಲಿಲ್ಲ.

ಜರ್ಮನಿಯ ಮ್ಯೂನಿಕ್ ನಗರಸಭೆಯ ಕಥೆ ಇನ್ನೂ ಉದ್ದ. 2003ರಲ್ಲಿ ಲಿನಕ್ಸ್‌ಗೆ ಹೋಗಲು ನಿರ್ಧರಿಸಿದಾಗ ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್ ರಜೆಯನ್ನು ಅರ್ಧಕ್ಕೆ ಬಿಟ್ಟು ಮೇಯರರನ್ನು ಕಾಣಲು ಓಡಿ ಬಂದಿದ್ದರು. 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳು ಬದಲಾದವು. ಬದಲಾಗದ ತಂತ್ರಾಂಶಗಳಿಗೆಂದು ಒಂದಷ್ಟು ವಿಂಡೋಸ್ ಯಂತ್ರಗಳು ಉದ್ದಕ್ಕೂ ಉಳಿದಿದ್ದವು. 2017ರಲ್ಲಿ ಹೊಸ ಆಡಳಿತ ವಿಂಡೋಸ್‌ಗೇ ಮರಳಲು ತೀರ್ಮಾನಿಸಿತು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ತನ್ನ 30,000 ಕಂಪ್ಯೂಟರುಗಳನ್ನು ಬದಲಿಸುವುದಾಗಿ ಹೇಳಿದೆ. ಅಲ್ಲಿ ಮೊದಲು ಹೋದದ್ದು ಮೈಕ್ರೋಸಾಫ್ಟ್ ಆಫೀಸ್, ವಿಂಡೋಸ್‌ನ ಸರದಿ ಆಮೇಲೆ. ಈ ಕ್ರಮ ನನಗೆ ಜಾಣತನದ್ದೆಂದು ತೋರುತ್ತದೆ. ವಿಂಡೋಸ್‌ನಲ್ಲಿದ್ದಾಗಲೇ ಲಿಬ್ರೆ ಆಫೀಸು, ಫೈರ್‌ಫಾಕ್ಸ್ ರೂಢಿಸಿಕೊಂಡವರಿಗೆ ಲಿನಕ್ಸ್‌ನಲ್ಲಿ ಹೊಸದಾಗಿ ಕಲಿಯಲು ಉಳಿಯುವುದು ಸ್ವಲ್ಪವೇ.

ಹಾಕುವಾಗ, ತೆಗೆಯುವಾಗ

ಮೊದಲು ಬ್ಯಾಕಪ್. ಫೋಟೊ, ದಾಖಲೆ ಎಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಹೋಗಲಿ. ಎಂಟು ಜಿಬಿಯ ಪೆನ್‌ಡ್ರೈವ್‌ಗೆ ಲಿನಕ್ಸ್ ಬರೆದು, ಇನ್‌ಸ್ಟಾಲ್ ಮಾಡದೆ ಓಡಿಸಿ ನೋಡಿ. ವೈಫೈ, ಧ್ವನಿ, ಕ್ಯಾಮೆರಾ, ಮನೆಯ ಪ್ರಿಂಟರ್ ನಾಲ್ಕೂ ನಡೆಯುತ್ತವೆಯೇ? ಇಲ್ಲವಾದರೆ ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ, ಏನೂ ಬದಲಾಗಿರುವುದಿಲ್ಲ.

ನಡೆದರೆ ಜಾಗ ಮಾಡಬೇಕು. ವಿಂಡೋಸ್‌ನ ಪಾಲನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಕುಗ್ಗಿಸುವುದು ಕ್ಷೇಮ. ಮಿಂಟ್‌ನವರು ಕನಿಷ್ಠ 20 ಜಿಬಿ, ನೆಮ್ಮದಿಗೆ 100 ಜಿಬಿ ಎನ್ನುತ್ತಾರೆ. ಅರ್ಧಕ್ಕರ್ಧ ಖಾಲಿಯಿದ್ದರೂ ವಿಂಡೋಸ್ ಸ್ವಲ್ಪವೇ ಬಿಟ್ಟುಕೊಡುತ್ತೇನೆ ಎನ್ನುವುದುಂಟು. ಅಲುಗಾಡಿಸಲಾಗದ ಫೈಲುಗಳು ಡಿಸ್ಕಿನ ನಡುವೆ ಕೂತಿರುತ್ತವೆ. ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಇಂಟೆಲ್‌ನ ಆರ್‌ಎಸ್‌ಟಿ ಎಂಬ ಆಯ್ಕೆ ಸೆಟಪ್‌ನಲ್ಲಿ ಆನ್ ಆಗಿದೆಯೇ ನೋಡಬೇಕು. ಅದನ್ನು ಏಕಾಏಕಿ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ, ಅದಕ್ಕೊಂದು ಕ್ರಮವಿದೆ. ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವ ಕೆಲಸ ಇದೊಂದೇ.

ಲಿನಕ್ಸ್ ಬೇಡವಾಯಿತು ಎಂದು ಅದರ ಪಾಲನ್ನು ವಿಂಡೋಸ್‌ನಿಂದ ನೇರವಾಗಿ ಅಳಿಸಿಬಿಡುವವರಿದ್ದಾರೆ. ಮುಂದಿನ ಸಲ ಆನ್ ಮಾಡಿದರೆ ಗ್ರಬ್ ಎಂಬ ಒಂದು ಪದ, ಅದರ ಮುಂದೆ ಮಿಣುಕುವ ಗೆರೆ, ಅಷ್ಟೆ. ಪಟ್ಟಿ ತೋರಿಸುವ ಪ್ರೋಗ್ರಾಮಿನ ಉಳಿದ ಭಾಗವೆಲ್ಲ ಅಳಿದ ಪಾಲಿನಲ್ಲಿ ಹೋಗಿರುತ್ತದೆ. ಮೊದಲು ಸೆಟಪ್‌ನಲ್ಲಿ ವಿಂಡೋಸನ್ನು ಸರದಿಯ ಮೇಲಕ್ಕೆ ತಂದು, ಆಮೇಲೆ ಅಳಿಸಬೇಕು.

ವಿಂಡೋಸ್ ಬೇಡವಾದರೆ ಲಿನಕ್ಸ್‌ನಿಂದ ಅದರ ದೊಡ್ಡ ಪಾಲನ್ನು ಅಳಿಸಬಹುದು. ಬೂಟ್‌ನ ಸಣ್ಣ ಪಾಲನ್ನು ಮಾತ್ರ ಮುಟ್ಟಬಾರದು, ಅದರಲ್ಲಿ ಇಬ್ಬರ ಫೋಲ್ಡರೂ ಇದೆ. ಖಾಲಿಯಾದ ಜಾಗ ಸಾಮಾನ್ಯವಾಗಿ ಲಿನಕ್ಸ್‌ನ ಎಡಕ್ಕಿರುತ್ತದೆ. ಅದನ್ನು ಸೇರಿಸಿಕೊಳ್ಳಬೇಕಾದರೆ ಲಿನಕ್ಸ್‌ನ ಇಡೀ ಸರಂಜಾಮನ್ನು ಎಡಕ್ಕೆ ಸರಿಸಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸ, ನಡುವೆ ಕರೆಂಟು ಹೋದರೆ ಎಲ್ಲವೂ ಹೋದಂತೆ. ಅದರ ಬದಲು ಆ ಜಾಗವನ್ನು ಫೋಟೊ, ಸಿನಿಮಾ ಇಡುವ ಬೇರೆ ಡ್ರೈವ್ ಮಾಡಿಕೊಳ್ಳುವುದು ಸುಲಭ. ವಿಂಡೋಸ್ 10ರಿಂದೀಚೆಗೆ ಲೈಸೆನ್ಸ್ ಮದರ್‌ಬೋರ್ಡಿನ ಗುರುತಿಗೆ ಅಂಟಿಕೊಂಡಿರುವುದರಿಂದ, ಮುಂದೆಂದಾದರೂ ಬೇಕೆನಿಸಿದರೆ ದುಡ್ಡಿಲ್ಲದೆ ಮತ್ತೆ ಹಾಕಿಕೊಳ್ಳಬಹುದು.